ಮಗಳಿಗೆ ಊರ ಶಾಲೆಯೋ, ವಸತಿ ಶಾಲೆಯೋ? ಅನುಭವವಿದ್ದವರು ಹೇಳಿ

ಅಫಜಲಪುರದ ತಾಯಿ: ಮಗಳಿಗೆ ಏಳು ವರ್ಷ, ಎರಡೂ ಕಿವಿಗೆ ಶ್ರವಣಯಂತ್ರ. ಶಾಲೆಯಲ್ಲಿ ಮಕ್ಕಳು ‘ಕೆಪ್ಪಿ’ ಎನ್ನುತ್ತಾರಂತೆ. ಬೆಳಿಗ್ಗೆ ಪಾಟಿಚೀಲ ಕಂಡರೆ ಸಾಕು, ಹೊಟ್ಟೆನೋವು. ಕಲಬುರಗಿಯ ಕಿವುಡ ಮಕ್ಕಳ ವಸತಿ ಶಾಲೆಗೆ ಹಾಕಲೇ?

ಶಹಾಪುರದ ತಂದೆ: ಬಿಡಿಸಬೇಡಿ. ನಾನು ಬಿಡಿಸಲಿಲ್ಲ, ಮಗ ಈಗ ಒಂಬತ್ತನೇ ತರಗತಿ. ಯಂತ್ರಗಳಿಗೆ 46,000 ಆಯಿತು, ಅದರಲ್ಲಿ 30,000 ಬಡ್ಡಿ ಸಾಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಯಾದಗಿರಿಯಿಂದ ಬಸವ ಎಕ್ಸ್‌ಪ್ರೆಸ್ ಹಿಡಿದು ಐದು ಸಲ ಹೋಗಿದ್ದೇವೆ. ಕಿವಿ ಬೆಳೆದಂತೆ, ಯಂತ್ರವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಸಡಿಲಾಗಿ ಯಂತ್ರ ಕುಂಯ್‌ಗುಡುತ್ತದೆ. ಮತ್ತೆ ಹೊಸ ಅಚ್ಚು. ಏಪ್ರಿಲ್‌ನಲ್ಲಿ ಬೆವರು ನಳಿಗೆಯೊಳಗೆ ಹನಿಗಟ್ಟಿ ಶಬ್ದವೇ ಬರದು. ರಾತ್ರಿ ಸಿಲಿಕಾ ಹರಳಿನ ಡಬ್ಬಿಯಲ್ಲಿಡಬೇಕು. ನೀಲಿ ಹರಳು ಗುಲಾಬಿಗೆ ತಿರುಗಿತೆಂದರೆ ತೇವ ಹೀರಿ ಮುಗಿಯಿತೆಂದು ಅರ್ಥ. ನಮ್ಮವ್ವ ಒಮ್ಮೆ ಕಸವೆಂದು ಚೆಲ್ಲಿಬಿಟ್ಟಳು!

ಹುಮನಾಬಾದಿನ ತಾಯಿ: ಅಣ್ಣನವರೇ, ಯಂತ್ರದ ಕಥೆಯಾಯಿತು, ಹುಡುಗನದು? ನನ್ನ ಮಗ ನಾಲ್ಕು ವರ್ಷ ಮುಂದಿನ ಬೆಂಚಿನಲ್ಲಿ ಕುಳಿತು ಎಲ್ಲದಕ್ಕೂ ತಲೆಯಾಡಿಸಿದ. ಶಾಣ್ಯಾ ಎಂದು ಹೊಗಳಿದರು. ಮೇಡಂ ಹಲಗೆಗೆ ಮುಖ ಮಾಡಿ ಪಾಠ ಹೇಳುತ್ತಿದ್ದರು. ತುಟಿ ಕಾಣದಿದ್ದರೆ ಅವನಿಗೆ ಯಾವ ಪಾಠ? ವಸತಿ ಶಾಲೆಗೆ ಹಾಕಿದೆವು. ಮೊದಲ ತಿಂಗಳೇ ಕಜ್ಜಿ ಹತ್ತಿಸಿಕೊಂಡ, ಔಷಧಿಗೆ 1,800. ದೀಪಾವಳಿಗೆ ಬಂದವನು ಕೈಸನ್ನೆಯಲ್ಲೇ ತಂಗಿಯೊಂದಿಗೆ ಅರ್ಧ ಗಂಟೆ ಜಗಳವಾಡಿದ. ಅವನಲ್ಲಿ ಅಷ್ಟು ಮಾತಿದೆಯೆಂದು ನನಗೇ ಗೊತ್ತಿರಲಿಲ್ಲ.

ಶಹಾಪುರದ ತಂದೆ: ಕೈಸನ್ನೆ ರೂಢಿಯಾದರೆ ಬಾಯಿಮಾತು ನಿಂತುಹೋಗುತ್ತದೆ.

ಆಳಂದದ ಶಿಕ್ಷಕಿ: ಹಾಗೆಂದು ಯಾರು ಹೇಳಿದರು ಸರ್? ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇದ್ದರೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು, ಶಿಕ್ಷಣ ಉಚಿತ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲೇ ಇದೆ. ಇನ್ನು ಹಲಗೆಯ ಮಾತು: ನಲವತ್ತೆಂಟು ಮಕ್ಕಳಿಗೆ ನಾನೊಬ್ಬಳೇ. ಹಲಗೆ ನೋಡದೆ ಬರೆಯುವ ವಿದ್ಯೆ ನನಗಂತೂ ಬಾರದು.

ಹುಮನಾಬಾದಿನ ತಾಯಿ: ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿ ಮೇಡಂ. ಅದಕ್ಕೆ ಯಾವ ತರಬೇತಿ ಬೇಕು?

ಶಹಾಪುರದ ತಂದೆ: ವಸತಿ ಶಾಲೆಗೆ ಹಾಕಿ ಕೈತೊಳೆದುಕೊಂಡವರು ಶಿಕ್ಷಕರಿಗೆ ಬುದ್ಧಿ ಹೇಳುವುದು ಬೇಡ.

ಹುಮನಾಬಾದಿನ ತಾಯಿ: ಕೈತೊಳೆದುಕೊಂಡೆನೇ? ಪ್ರತಿ ಭಾನುವಾರ ಕಲಬುರಗಿಗೆ ಹೋಗುತ್ತೇನೆ.

ಶಹಾಪುರದ ತಂದೆ: 2023ರ ಜೂನ್‌ನಿಂದ ನಿಮಗೆ ಬಸ್ ಪುಕ್ಕಟೆ. ನಾನು ಟಿಕೆಟ್ ಕೊಂಡು ತಿರುಗಿದವನು.

ಹುಮನಾಬಾದಿನ ತಾಯಿ: ಮಗನನ್ನು ಹಾಕಿದ್ದು 2019ರಲ್ಲಿ. ಲೆಕ್ಕ ಹಾಕಿ.

ಅಫಜಲಪುರದ ತಾಯಿ: ಆ ನೀಲಿ ಹರಳು ಎಲ್ಲಿ ಸಿಗುತ್ತದೆ?