ಗೆಳೆಯನಿಗೆ ತಿಳಿಯದಂತೆ ಅವನ ತಂದೆಯವರ ರೋಡ್‌ಕಿಂಗ್ ಬೈಕ್ ಸಿದ್ಧಪಡಿಸಬೇಕಾಗಿದೆ: 35,000 ರೂಪಾಯಿಯಲ್ಲಿ ಯಾವ ಕೆಲಸ ಮೊದಲು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಬಾಲ್ಯದ ಗೆಳೆಯನೊಬ್ಬ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದು, ದೀಪಾವಳಿಗೆ ಊರಿಗೆ ಬರಲಿದ್ದಾನೆ. ಅವನ ತಂದೆಯವರು 1986ರಲ್ಲಿ ಹೊಸದಾಗಿ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್, ತೀರ್ಥಹಳ್ಳಿ ಸಮೀಪದ ಅವರ ಮನೆಯಲ್ಲಿ ಕೊಟ್ಟಿಗೆಗೆ ತಾಗಿದ ಮಾಡಿನಡಿ ನಿಂತಿದೆ. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಿಲ್ಲವಾದ್ದರಿಂದ ಹಲವು ಮಳೆಗಾಲಗಳ ತೇವ ಅದರೊಳಗೆ ಸೇರಿದೆ. ಕಿಕ್ಕರ್ ಕದಲುವುದಿಲ್ಲ, ಟ್ಯಾಂಕಿನ ಒಳಗೆ ತುಕ್ಕಿನ ಹೆಕ್ಕಳಿಕೆಗಳು ಕಾಣುತ್ತವೆ, ವೈರುಗಳನ್ನು ಇಲಿಗಳು ಕಡಿದಿವೆ, ಎರಡೂ ಟಯರುಗಳು ಸೀಳು ಬಿಟ್ಟಿವೆ. ಪ್ರತಿಸಲ ರಜೆಗೆ ಬಂದಾಗಲೂ ಗೆಳೆಯ ಅದರ ಸೀಟಿನ ಮೇಲಿನ ಧೂಳು ಒರೆಸಿ, ಮುಂದಿನ ಸಲ ನೋಡೋಣ ಎಂದು ಹೇಳಿ ಹೋಗುತ್ತಾನೆ. ಮನೆ ಕಟ್ಟಿದ ಸಾಲ ತೀರುವವರೆಗೆ ಆ ಮುಂದಿನ ಸಲ ಬರುವುದಿಲ್ಲವೆಂಬುದು ನಮಗೆಲ್ಲರಿಗೂ ಗೊತ್ತಿದೆ.

ನಾವು ಮೂವರು ಸ್ನೇಹಿತರು ಸೇರಿ 35,000 ರೂಪಾಯಿ ಒಟ್ಟುಮಾಡಿದ್ದೇವೆ. ಅವನ ತಾಯಿಯವರು ಸಂತೋಷದಿಂದ ಒಪ್ಪಿ ಬೀಗದ ಕೈ ಕೊಟ್ಟಿದ್ದಾರೆ. ಗಾಡಿಯನ್ನು ಈಗ ನಮ್ಮ ಅಡಿಕೆ ಗೋದಾಮಿಗೆ ತಂದಿರಿಸಿದ್ದೇವೆ. ಈ ಹಣವನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕು, ಬಣ್ಣ ಹೊಡೆಸುವುದು ಅಗತ್ಯವೇ, ಆರ್‌ಸಿ (ನೋಂದಣಿ ಪತ್ರ) ನವೀಕರಣವನ್ನೂ ಅವನಿಗೆ ಹೇಳದೆ ಮುಗಿಸಲು ಸಾಧ್ಯವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೇ ಜಾವಾ, ಮೈಸೂರು

ತುಂಗಾತೀರ ಅವರೇ, ಮೊದಲನೆಯದಾಗಿ ಆ ಕಿಕ್ಕರನ್ನು ಇನ್ನು ಯಾರೂ ತುಳಿಯದಂತೆ ನೋಡಿಕೊಳ್ಳಿ. ಈ ಗಾಡಿಗಳಲ್ಲಿ ಗೇರ್ ಹಾಕುವ ಲಿವರೇ ಕಿಕ್ಕರ್ ಆಗಿಯೂ ಕೆಲಸ ಮಾಡುವುದರಿಂದ, ಹಿಡಿದುಕೊಂಡ ಇಂಜಿನನ್ನು ತುಳಿದು ಬಿಡಿಸಲು ಹೋದರೆ ಒಳಗಿನ ಹಲ್ಲುಗಳು ಮುರಿದು, ಇಲ್ಲದ ಖರ್ಚೊಂದು ಮೈಮೇಲೆ ಬರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಡೀಸೆಲ್ ಮತ್ತು ತೆಳುವಾದ ಎಣ್ಣೆಯ ಮಿಶ್ರಣವನ್ನು ಸುರಿದು, ಕೆಲವು ದಿನ ಹಾಗೆಯೇ ಬಿಡಿ. ಅನಂತರ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಬಹಳಷ್ಟು ಸಲ ತುಕ್ಕು ಹಿಡಿದಿರುವುದು ಪಿಸ್ಟನ್ ರಿಂಗುಗಳಷ್ಟೇ ಆಗಿದ್ದು, ತಾಳ್ಮೆಯಿದ್ದರೆ ಬಿಟ್ಟುಕೊಡುತ್ತವೆ.

ಪಿಸ್ಟನ್ ಬಿಟ್ಟುಕೊಂಡಿತೆಂದು ಉತ್ಸಾಹದಿಂದ ಸ್ಟಾರ್ಟ್ ಮಾಡಲು ಹೋಗಬೇಡಿ. ಟೂ-ಸ್ಟ್ರೋಕ್ ಇಂಜಿನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಯಾದ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದುಹೋಗಬೇಕಾದುದರಿಂದ, ಕ್ರ್ಯಾಂಕಿನ ಎರಡು ಬದಿಯ ಎಣ್ಣೆ ಸೀಲುಗಳು ಬಿಗಿಯಾಗಿರಲೇಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರು ಒಣಗಿ ಗಡುಸಾಗಿರುತ್ತದೆ. ಕ್ಲಚ್ ಬದಿಯ ಸೀಲು ಹೋದರೆ ಇಂಜಿನು ಗೇರ್‌ಬಾಕ್ಸಿನ ಎಣ್ಣೆಯನ್ನು ಹೀರಿ ಬೀದಿ ತುಂಬ ಹೊಗೆ ಬಿಡುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆಯಾದ್ದರಿಂದ ಅಷ್ಟು ಅಪಾಯವಿಲ್ಲ. ಡೈನಮೋ ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳಸೇರಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ಇಂಜಿನು ಕಾದು, ಚೆನ್ನಾಗಿ ಓಡುತ್ತಿದೆ ಎಂದುಕೊಳ್ಳುವ ಹೊತ್ತಿಗೇ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಗುತ್ತದೆ. ಗೆಳೆಯನಿಗೆ ಕೊಡುವ ಉಡುಗೊರೆ ಆಗುಂಬೆ ಘಾಟಿಯ ತಿರುವಿನಲ್ಲಿ ಹಾಗೆ ಮಾಡಬಾರದಲ್ಲವೇ?

ಆದುದರಿಂದ ನಿಮ್ಮ ಹಣದ ಅರ್ಧ ಭಾಗವನ್ನಾದರೂ ಇಂಜಿನಿನ ಒಳಭಾಗಕ್ಕೆ ಮೀಸಲಿಡಿ. ಸೀಲು ಬದಲಿಸಲು ಬಿಚ್ಚಿದಾಗಲೇ ಮೇನ್ ಬೇರಿಂಗುಗಳನ್ನೂ ಹೊಸದು ಹಾಕಿಸಿ, ಏಕೆಂದರೆ ಮಲೆನಾಡಿನ ತೇವಕ್ಕೆ ಅವುಗಳ ಗುಂಡುಗಳು ತುಕ್ಕು ಹಿಡಿದಿರುವುದು ಬಹುತೇಕ ಖಚಿತ. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ಪಕ್ಕಕ್ಕೆ ತುಸು ಆಟ ಇದ್ದರೆ ಚಿಂತೆಯಿಲ್ಲ, ಆದರೆ ಮೇಲೆ ಕೆಳಗೆ ಆಟವಿದ್ದರೆ ಬಿಗ್-ಎಂಡ್ (ರಾಡ್ ಕ್ರ್ಯಾಂಕಿಗೆ ಕೂಡುವ ಕಡೆಯ ಬೇರಿಂಗ್) ಹೋಗಿದೆ ಎಂದರ್ಥ. ಆಗ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಹೊಸ ರಾಡ್ ಕಿಟ್ ಕೂರಿಸಿ, ಓಟ ನೇರವಾಗಿದೆಯೇ ಎಂದು ಡಯಲ್ ಗೇಜಿನಲ್ಲಿ ನೋಡಬಲ್ಲ ಲೇತಿನವರಿಗೇ ಕೊಡಬೇಕು. ಬೋರಿನಲ್ಲಿ, ಅಂದರೆ ಪಿಸ್ಟನ್ ಓಡುವ ಸಿಲಿಂಡರಿನ ಒಳಗೋಡೆಯಲ್ಲಿ, ಗೀರುಗಳಿದ್ದರೆ ರೀಬೋರ್ ಮಾಡಿಸಿ (ಕೊರೆದು ಅಗಲಿಸಿ) ಮುಂದಿನ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ಆದರೆ ಪಿಸ್ಟನ್ ಕೈಗೆ ಬಂದ ಮೇಲೆಯೇ ಅದನ್ನು ಅಳೆದು ಬೋರ್ ಮಾಡಿಸಬೇಕು.

ಬಿಡಿಭಾಗಗಳ ಬಗ್ಗೆ ಒಂದು ಮಾತು. ಯೆಜ್ಡಿಗಳನ್ನು ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. 2022ರಲ್ಲಿ ಮರಳಿ ಬಂದ ಯೆಜ್ಡಿಗಳು ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್ ಗಾಡಿಗಳಾದುದರಿಂದ ಆ ಶೋರೂಮಿನಲ್ಲಿ ನಿಮ್ಮ ಗಾಡಿಗೆ ಏನೂ ಸಿಗುವುದಿಲ್ಲ. ಮೈಸೂರಿನ ಹಳೆಯ ಮೆಕ್ಯಾನಿಕ್ಕುಗಳು ಮತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಅಗ್ಗದ ನಕಲಿ ಭಾಗಗಳನ್ನು ಲೈಟು, ಹಿಡಿಕೆಗಳಿಗೆ ಬೇಕಾದರೆ ಬಳಸಿ, ಇಂಜಿನಿನ ಒಳಗೆ ಮಾತ್ರ ಬೇಡ.

ಉತ್ತರ: ಸ್ಪೋಕು, ಹಾಸನ

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಉಳಿದ ಅರ್ಧ ಹಣದಲ್ಲಿ ಟಯರು, ಟ್ಯೂಬು, ಬ್ರೇಕು, ಕೇಬಲ್ಲುಗಳು ಮೊದಲು. ಟಯರು ಕೊಳ್ಳುವಾಗ ಅದರ ಬದಿಯಲ್ಲಿ ಒತ್ತಿರುವ ನಾಲ್ಕಂಕಿಯ ಸಂಖ್ಯೆಯನ್ನು ಓದಿ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಈ ಅಳತೆಯ ಟಯರುಗಳಿಗೆ ಗಿರಾಕಿ ಕಡಿಮೆಯಾದ್ದರಿಂದ ಅಂಗಡಿಯಲ್ಲೇ ಹಳತಾಗಿರುವ ಸಂಭವ ಹೆಚ್ಚು. ಬ್ರೇಕ್ ಶೂಗಳ ಲೋಹ ಚೆನ್ನಾಗಿದ್ದರೆ ಹೊಸ ಲೈನಿಂಗ್ ಅಂಟಿಸಿಕೊಡುವವರು ನಿಮ್ಮ ಶಿವಮೊಗ್ಗದಲ್ಲಿಯೂ ಸಿಗುತ್ತಾರೆ. ಡ್ರಮ್ಮಿಗೆ ಶೂ ಸರಿಯಾಗಿ ಕೂಡುವಂತೆ ಉಜ್ಜಿಸಿಕೊಳ್ಳುವುದನ್ನು ಮರೆಯಬೇಡಿ.

ಟ್ಯಾಂಕಿಗೆ ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಜೊತೆಗೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿದರೆ ತುಕ್ಕು ಬಿಡುತ್ತದೆ. ಅನಂತರ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತಡಮಾಡದೆ ಒಳಗೆಲ್ಲ ಎಣ್ಣೆ ಸವರದಿದ್ದರೆ ಮರುದಿನವೇ ಕೆಂಪಗಾಗುತ್ತದೆ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್ ಇರುವುದರಿಂದ, ಅದು ಗಾಳಿಯ ತೇವವನ್ನು ಹೀರುವುದಲ್ಲದೆ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು, ಕಾಕಿನ ವಾಶರುಗಳು, ಕಾರ್ಬುರೇಟರ್ ಗ್ಯಾಸ್ಕೆಟ್ಟುಗಳನ್ನು ಹೊಸದಾಗಿ ಹಾಕಿ. ಗೆಳೆಯ ಮಸ್ಕತ್ತಿಗೆ ಮರಳಿದ ಮೇಲೆ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕು ಮತ್ತು ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿಡಬೇಕು. ಎರಡೂ ಸೈಲೆನ್ಸರುಗಳ ಬಾಯಿಗೆ ತಂತಿ ಹಾಕಿ ನೋಡಿ. ಕುಂಬಾರ ಹುಳುಗಳು ಮಣ್ಣಿನ ಗೂಡು ಕಟ್ಟಿರುತ್ತವೆ.

ಉತ್ತರ: ಫಾರ್ಮು ಇಪ್ಪತ್ತೈದು

ಕಾಗದಪತ್ರಗಳ ವಿಷಯದಲ್ಲಿ ಗುಟ್ಟು ನಡೆಯುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. ಗಾಡಿ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲಿರುವುದಾದರೆ, ನವೀಕರಣಕ್ಕೆ ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಅದಕ್ಕೆ ಫಾರ್ಮು 31, ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆಗಳು ಬೇಕು. ತಾಯಿಯವರ ಹೆಸರಿಗೆ ಮಾಡಿಸಿದರಾಯಿತೆಂದು ನಿಮಗೆ ಅನ್ನಿಸಬಹುದು. ಆದರೆ ಉಳಿದ ವಾರಸುದಾರರ ಒಪ್ಪಿಗೆಯನ್ನು ಕೇಳುತ್ತಾರೆ, ನಿಮ್ಮ ಗೆಳೆಯ ಅವರಲ್ಲೊಬ್ಬರು. ಅವರ ಸಹಿಯನ್ನು ಬೇರೆ ಯಾರೋ ಮಾಡುವ ಯೋಚನೆ ತಮಾಷೆಗೂ ಬೇಡ.

ಹೆಸರು ವರ್ಗಾವಣೆಯಾದ ಮೇಲೆ ಫಾರ್ಮು 25ರಲ್ಲಿ ಅರ್ಜಿ ಸಲ್ಲಿಸಿ, ಗಾಡಿಯನ್ನು ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿದರೆ ಐದು ವರ್ಷಕ್ಕೆ ನವೀಕರಣ ಸಿಗುತ್ತದೆ. 20 ವರ್ಷ ದಾಟಿದ ಮೋಟಾರ್‌ಸೈಕಲ್ಲಿಗೆ ಈ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಿದೆ. ಹಸಿರು ತೆರಿಗೆ ಮತ್ತು ತಡವಾದುದರ ದಂಡ ಬೇರೆ. ಈ ಮೊತ್ತವನ್ನು ನಿಮ್ಮ ನಿಧಿಯಲ್ಲಿ ಮುಟ್ಟದೆ ಉಳಿಸಿಡಿ. 50 ವರ್ಷ ದಾಟಿದ ವಾಹನಗಳಿಗಿರುವ ವಿಂಟೇಜ್ ನೋಂದಣಿ ನಿಮ್ಮ ರೋಡ್‌ಕಿಂಗಿಗೆ ಅನ್ವಯಿಸುವುದಿಲ್ಲ. ಇಂಜಿನ್ ಕೇಸು ಒಡೆದಿದ್ದರೂ ಗುಜರಿಯಿಂದ ಬೇರೆ ಕೇಸು ತಂದು ಹಾಕಬೇಡಿ, ವೆಲ್ಡಿಂಗ್ ಮಾಡಿಸಿ. ಇಂಜಿನ್ ಸಂಖ್ಯೆ ಆರ್‌ಸಿಗೆ ತಾಳೆಯಾಗದಿದ್ದರೆ ಎಲ್ಲ ಶ್ರಮವೂ ಆ ಕಚೇರಿಯ ಅಂಗಳದಲ್ಲಿ ನಿಂತುಹೋಗುತ್ತದೆ. ನೋಂದಣಿ ಮತ್ತು ವಿಮೆ ಆಗುವವರೆಗೆ ಸಾರ್ವಜನಿಕ ರಸ್ತೆಗೆ ಇಳಿಸದೆ, ತೋಟದೊಳಗಿನ ದಾರಿಯಲ್ಲಷ್ಟೇ ಓಡಿಸಿ ನೋಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಗಾಡಿಯನ್ನು ಸಿದ್ಧಪಡಿಸಿ, ಅರ್ಜಿಗಳನ್ನು ಭರ್ತಿ ಮಾಡಿಟ್ಟು, ಸಹಿಯನ್ನು ಗೆಳೆಯನಿಂದಲೇ ಹಾಕಿಸುತ್ತೇವೆ. ಬಣ್ಣದ ಬಗ್ಗೆ ನಮ್ಮಲ್ಲೇ ಜಗಳವಿದೆ. ಈಗಿರುವುದು ಮಾಸಿದ ಕೆಂಪು. ಒಬ್ಬನಿಗೆ ಅದನ್ನು ಕಪ್ಪು ಮಾಡಿಸಿ, ಬಂಗಾರದ ಗೆರೆ ಎಳೆಸುವ ಆಸೆ.

ಉತ್ತರ: ಮಾಡಿನಡಿ

ದಯವಿಟ್ಟು ಆ ಸ್ನೇಹಿತರನ್ನು ತಡೆಯಿರಿ. ಬಣ್ಣ ಬದಲಾದರೆ ಆರ್‌ಸಿಯಲ್ಲಿಯೂ ನಮೂದಿಸಬೇಕಾಗುತ್ತದೆ, ಆ ಮಾತು ಹಾಗಿರಲಿ. ನನ್ನ ಆಕ್ಷೇಪ ಬೇರೆ. ಗಾಡಿ ನಿಮ್ಮದಲ್ಲ; ಅದನ್ನು ಓಡುವಂತೆ ಮಾಡುವುದಕ್ಕೆ ತಾಯಿಯವರ ಒಪ್ಪಿಗೆ ಇದೆಯೇ ಹೊರತು, ಅದು ಹೇಗೆ ಕಾಣಬೇಕೆಂದು ತೀರ್ಮಾನಿಸುವುದಕ್ಕಲ್ಲ. ಟ್ಯಾಂಕಿನ ಮೇಲೆ ತಂದೆಯವರ ಮೊಣಕಾಲು ತಾಗಿ ಸವೆದ ಜಾಗ ಇರಬಹುದು, ಗಾರ್ಡಿನ ಸೊಟ್ಟು ಯಾವುದೋ ಪ್ರಯಾಣದ್ದಾಗಿರಬಹುದು. ನಿಮಗೆ ಡೆಂಟಾಗಿ ಕಾಣುವುದು ಆ ಮನೆಯವರಿಗೆ ಏನೆಂದು ನಿಮಗೆ ಗೊತ್ತಿಲ್ಲ. ತುಕ್ಕು ಹಬ್ಬದಂತೆ ತಡೆದು, ತೊಳೆದು, ಪಾಲಿಶ್ ಮಾಡಿ ಬಿಡಿ. ಬಣ್ಣ ಹೊಡೆಸಬೇಕೆಂದು ಅವರಿಗೇ ಅನ್ನಿಸಿದರೆ ಮುಂದೆ ಯಾವಾಗ ಬೇಕಾದರೂ ಹೊಡೆಸಬಹುದು, ಉಜ್ಜಿ ತೆಗೆದದ್ದನ್ನು ಮಾತ್ರ ಮತ್ತೆ ತರಲಾಗದು. ಕ್ರೋಮ್ ಪ್ಲೇಟಿಂಗಿಗೂ ಇದೇ ಮಾತು, ಅದು ದುಬಾರಿ ಬೇರೆ. ಬಿಚ್ಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಒಂದು ಚೀಲದಲ್ಲಿಟ್ಟು ಅವರಿಗೇ ಒಪ್ಪಿಸಿ.

ಉತ್ತರ: ಹಳೇ ಜಾವಾ, ಮೈಸೂರು

ಮಾಡಿನಡಿಯವರ ಮಾತನ್ನು ನಾನೂ ಒಪ್ಪುತ್ತೇನೆ. ಬಣ್ಣಕ್ಕೆಂದು ಇಟ್ಟ ಹಣದಲ್ಲಿ ವೈರಿಂಗ್ ಪೂರ್ತಿ ಹೊಸದು ಮಾಡಿಸಿ. ಇಲಿ ಕಡಿದ ವೈರುಗಳಿಗೆ ಟೇಪು ಸುತ್ತಿ ಕೊಡಬೇಡಿ. ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಪಾಯಿಂಟುಗಳನ್ನು ಸ್ವಚ್ಛಗೊಳಿಸಿ, ಅವುಗಳ ಜೊತೆಗಿನ ಕಂಡೆನ್ಸರ್ ಹೊಸದು ಹಾಕಿ, ಕಿಡಿ ಹಾರುವ ಟೈಮಿಂಗನ್ನು ಅಂದಾಜಿನ ಮೇಲೆ ಬಿಡದೆ ಪಿಸ್ಟನ್ನಿನ ಸ್ಥಾನ ಅಳೆದೇ ಕೂರಿಸಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಲೀಟರ್ ಪೆಟ್ರೋಲಿಗೆ 40 ಮಿಲಿಯಂತೆ ಟೂ-ಟಿ (ಟೂ-ಸ್ಟ್ರೋಕ್) ಎಣ್ಣೆಯನ್ನು ಡಬ್ಬಿಯಲ್ಲೇ ಕಲಸಿ ಟ್ಯಾಂಕಿಗೆ ಸುರಿಯಿರಿ. ಅದಕ್ಕೆ ಮೊದಲು ಗೋದಾಮಿನ ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿಡುವುದು ಮೇಲು: ರೋಡ್‌ಕಿಂಗಿನ ಜೋಡಿ ಸೈಲೆನ್ಸರುಗಳ ಸದ್ದು ಒಂದು ಮೈಲಿ ದೂರದಿಂದಲೇ ಗುರುತು ಸಿಗುತ್ತದೆ, ವಿಡಿಯೋ ಆ ಸಂಜೆಯೇ ಮಸ್ಕತ್ತು ತಲುಪೀತು. ರೀಬೋರ್ ಮಾಡಿಸಿದ್ದರೆ ಮೊದಲ ಐನೂರು ಕಿಲೋಮೀಟರು ಒಂದೇ ವೇಗದಲ್ಲಿ ಎಳೆಯದೆ, ಘಾಟಿಯಲ್ಲಿ ಇಂಜಿನಿಗೆ ಭಾರ ಬೀಳದಂತೆ ಓಡಿಸಬೇಕೆಂದು ಒಂದು ಚೀಟಿಯಲ್ಲಿ ಬರೆದು, ಕೀಲಿಯ ಜೊತೆಗೇ ಕೊಡಿ.