ಲೇಔಟಿನ ಪಾರ್ಕ್ ಜಾಗದಲ್ಲಿ ಏನು ಮಾಡೋದು? ಹುಬ್ಬಳ್ಳಿ-ಧಾರವಾಡದವರು ಹೇಳಿ

ಗೋಕುಲ ರೋಡ್ ಕಡೆಯವ
ನಮಸ್ಕಾರ ಎಲ್ಲರಿಗೂ. ಗೋಕುಲ ರೋಡ್ ಆಚೆ ನಮ್ಮದೊಂದು ಹೊಸ ಲೇಔಟ್. ಒಟ್ಟು ಹತ್ತು ಎಕರೆ, ಪಾರ್ಕಿಗೆ ಅಂತ ಬಿಟ್ಟದ್ದು ಒಂದು ಎಕರೆ. ನಾವು ಬಂದಾಗ ಅಲ್ಲೊಂದು ಇಲ್ಲೊಂದು ಮನೆ ಇತ್ತು. ಈಗ ಖಾಲಿ ಸೈಟ್ ಹುಡುಕಬೇಕು, ಇದ್ದ ಮನೆಗಳ ಮೇಲೂ ಮಹಡಿ ಏರುತ್ತಿವೆ. ಪಾರ್ಕ್ ಜಾಗದಲ್ಲಿ ಮಾತ್ರ ಜಾಲಿ ಕಂಟಿ ಬೆಳೆದು ಕಸ ಬಿದ್ದಿದೆ. ಒಂದು ಮೂಲೆಯನ್ನು ಹುಡುಗರೇ ಸ್ವಚ್ಛ ಮಾಡಿಕೊಂಡು ಕ್ರಿಕೆಟ್ ಆಡುತ್ತಾರೆ. ಸಂಘದಲ್ಲಿ ಈಗ ಅದೇ ಜಗಳ. ಕೆಲವರಿಗೆ ಗುಡಿ ಬೇಕು, ಕೆಲವರಿಗೆ ಸಮುದಾಯ ಭವನ, ಹಿರಿಯರಿಗೆ ವಾಕಿಂಗ್ ಪಾತ್. ಇನ್ನೂ ಕೆಲವರು ಸುತ್ತ ಎತ್ತರದ ಕಂಪೌಂಡ್ ಕಟ್ಟಿ, ಲಾನ್ ಬೆಳೆಸಿ, ಆಟ ಬಂದ್ ಮಾಡೋಣ ಅಂತಾರೆ. ಹುಡುಗರ ಆಟ ನಿಲ್ಲಬಾರದು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡಬೇಕು?

ನವನಗರದವಳು
ಮೊದಲು ಕಾಗದ ನೋಡಿ ಸರ್, ಗಿಡ ಆಮೇಲೆ. ಹುಡಾ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಒಪ್ಪಿದ ಲೇಔಟ್ ನಕ್ಷೆಯ ಪ್ರತಿ ತೆಗೆಸಿ. ಸುಮ್ನೆ ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಪಾರ್ಕ್ ಎಷ್ಟು ಗುಂಟೆ, ಚೆಕ್ಕುಬಂದಿ ಏನು, ಲೇಔಟ್ ಮಾಡಿದವರು ಆ ಜಾಗವನ್ನು ಬರೆದುಕೊಟ್ಟಿದ್ದಾರಾ, ಪಾಲಿಕೆಗೆ ಹಸ್ತಾಂತರ ಆಗಿದೆಯಾ, ಇಷ್ಟೂ ತಿಳಿಯಬೇಕು. ಹಸ್ತಾಂತರ ಆಗದಿದ್ದರೆ ಪಾಲಿಕೆ ದುಡ್ಡು ಹಾಕೋದು ಕಷ್ಟ. ಸರ್ವೇ ಮಾಡಿಸಿ ಕಲ್ಲು ನೆಡಿಸಿ, ಒತ್ತುವರಿ ಶುರುವಾಗೋದು ಅಂಚಿನಿಂದಲೇ.

ಗುಡಿ, ಭವನದ ಮಾತು ಬಂದರೆ ಮೆತ್ತಗೆ ಹೇಳಿ, ಆದರೆ ಬಿಟ್ಟುಕೊಡಬೇಡಿ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂತ ಹೇಳಿತು. ಆಸ್ಪತ್ರೆಗೇ ಇಲ್ಲ ಅಂದಮೇಲೆ ಭವನಕ್ಕೆ ಹೇಗೆ ಕೊಡ್ತಾರೆ? ಪಾರ್ಕಿನಂಥ ಸಾರ್ವಜನಿಕ ಜಾಗದಲ್ಲಿ ಅನಧಿಕೃತವಾಗಿ ಹೊಸ ಗುಡಿ, ಮಸೀದಿ, ಚರ್ಚ್ ಏನೂ ಕಟ್ಟಬಾರದು ಅಂತ 2009ರಲ್ಲಿ ಅದೇ ಕೋರ್ಟಿನ ಆದೇಶ ಇದೆ. ಭವನ ಬೇಕೇಬೇಕು ಅನ್ನುವವರು ಸಿಎ ಸೈಟ್ (ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ನಿವೇಶನ) ಕೇಳಲಿ, ಅದು ಇರೋದೇ ಅಂಥ ಕೆಲಸಕ್ಕೆ.

ಲೆಕ್ಕದವ, ಕೇಶ್ವಾಪುರ
ಒಂದು ಲೆಕ್ಕ ಹೇಳ್ತೀನಿ, ನಿಮ್ಮ ಮೀಟಿಂಗಿನಲ್ಲಿ ಓದಿ. ಹತ್ತು ಎಕರೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೈಟಿಗೆ ಹೋದರೆ 30x40ರ ಸುಮಾರು 200 ಸೈಟ್ ಆಗುತ್ತವೆ. ಮನೆಗೆ ನಾಲ್ಕು ಜನ ಅಂದರೆ 800. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ತಲೆಗೆ ಬಂದದ್ದು 5. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ಊರಿಗೆಲ್ಲ ಸೇರಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಬೇಕು ಅನ್ನುತ್ತದೆ. ಈಗ ಮೇಲೊಂದು ಮಹಡಿ ಕಟ್ಟಿ ಬಾಡಿಗೆ ಕೊಟ್ಟರೆ 5 ಇದ್ದದ್ದು ಎರಡೂವರೆ ಆಯಿತು. ಜನ ಬೆಳೀತಾರೆ, ಪಾರ್ಕ್ ನಕ್ಷೆ ಒಪ್ಪಿದ ದಿನ ಎಷ್ಟಿತ್ತೋ ಅಷ್ಟೇ. ಇರುವ ಒಂದು ಎಕರೆಯಲ್ಲಿ ಕಟ್ಟಡ, ಕಾರಂಜಿ, ಕಮಾನು ಅಂತ ಏನೇ ತಂದರೂ ಅಷ್ಟು ನೆಲ ಹೋಯಿತು ಅಂತಲೇ ಲೆಕ್ಕ. ಮಧ್ಯದ ಬಯಲನ್ನು ಖಾಲಿ ಬಿಡಿ. ಸಂಜೆ ಆಟ, ಗಣಪತಿಗೆ ಪೆಂಡಾಲ್, ಮಳೆಗಾಲದಲ್ಲಿ ಕಬಡ್ಡಿ, ಎಲ್ಲ ಅಲ್ಲೇ ನಡೆಯುತ್ತದೆ.

ಗೋಕುಲ ರೋಡ್ ಕಡೆಯವ
ಬಹಳ ಉಪಕಾರ ಆಯಿತು. ಲಾನ್ ಬೇಕು ಅನ್ನುವವರಿಗೆ ಏನು ಹೇಳಲಿ? ಕಂಪೌಂಡ್ ಬಗ್ಗೆಯೂ ಹೇಳಿ. ನಮ್ಮ ಕಡೆ ಎರೆ ಮಣ್ಣು.

ಸಾಧನಕೇರಿ
ನಾಲ್ಕೈದು ದಿನಕ್ಕೊಮ್ಮೆ ನಳ ಬಂದರೆ ಸಾಕು ಅನ್ನುವ ಊರಿನಲ್ಲಿ ಲಾನಿಗೆ ನೀರು ಎಲ್ಲಿಂದ ತರ್ತಾರೆ? ಬೋರ್ ಹೊಡೆಸಿ ಹುಲ್ಲಿಗೆ ಬಿಡೋದು ನನಗಂತೂ ಒಪ್ಪಿಗೆ ಇಲ್ಲ. ಎರೆ ಇದ್ದರೆ ಪೇವರ್ ಕೂಡ ಬೇಡ, ಆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ, ಕಲ್ಲು ಮೇಲೆ ಕೆಳಗೆ ಆಗಿ ಹಿರಿಯರು ಎಡವಿ ಬೀಳ್ತಾರೆ. ದಾರಿಯಷ್ಟು ಅಗಲ ಎರೆ ತೆಗೆಸಿ, ಗರಸು ತುಂಬಿ ಚೆನ್ನಾಗಿ ಕುಟ್ಟಿಸಿ. ತಗ್ಗಿನ ಮೂಲೆಯಲ್ಲಿ ಮಳೆ ನೀರು ನಿಂತು ಇಂಗಲಿ, ಗಟಾರಕ್ಕೆ ಹರಿಸಬೇಡಿ.

ಕಂಪೌಂಡ್ ಸೊಂಟದೆತ್ತರ ಸಾಕು, ಅದರ ಮೇಲೆ ಜಾಲರಿ. ಸುತ್ತಲ ಮನೆಯವರ ಕಣ್ಣಿಗೆ ಒಳಗೆ ಕಾಣಬೇಕು. ಎತ್ತರದ ಗೋಡೆ ಕಟ್ಟಿದ ಪಾರ್ಕಿಗೆ ಕತ್ತಲಾದ ಮೇಲೆ ಹೆಣ್ಣುಮಕ್ಕಳು ಕಾಲಿಡೋದಿಲ್ಲ, ಬಾಟಲಿ ಹಿಡಿದವರೇ ಬರ್ತಾರೆ. ಗೇಟ್ ಎರಡು ಕಡೆ ಇರಲಿ. ಬೆಳಿಗ್ಗೆ ತೆಗೆದು ಒಂಬತ್ತಕ್ಕೆ ಬೀಗ ಹಾಕುವ ಪದ್ಧತಿ ಮಾತ್ರ ಬೇಡ, ಮನೆಯಲ್ಲಿ ದುಡಿಯುವ ಅಕ್ಕಂದಿರಿಗೆ ಪುರುಸೊತ್ತು ಆಗೋದೇ ಮಧ್ಯಾಹ್ನ.

ಗಿಡ ಅಂಚಿಗೆ ಹಾಕಿ. ಎರೆಯಲ್ಲಿ ಬೇವು, ಹುಣಸೆ ಚೆನ್ನಾಗಿ ಬರುತ್ತವೆ, ಮುಂದೆ ಪಂಚಮಿಗೆ ಜೋಕಾಲಿ ಕಟ್ಟೋಕೆ ಟೊಂಗೆಯೂ ಸಿಗುತ್ತದೆ. ಒಂದು ಬನ್ನಿ ಗಿಡ ಮರೀಬೇಡಿ. ನವರಾತ್ರಿಯಲ್ಲಿ ನಸುಕಿಗೇ ಎದ್ದು ಬನ್ನಿ ಸುತ್ತಲು ನಮ್ಮ ಕಡೆ ಹೆಣ್ಣುಮಕ್ಕಳು ಎಷ್ಟು ದೂರ ಹೋಗ್ತಾರೆ ನಿಮಗೆ ಗೊತ್ತೇ ಇದೆ ಅಲ್ವಾ. ಗುಡಿ ಕೇಳುವವರಲ್ಲಿ ಅರ್ಧ ಜನ ಅಷ್ಟಕ್ಕೇ ಒಪ್ಪಬಹುದು.

ಗುಂಡಿ ಬೇಸಿಗೆಯಲ್ಲೇ ತೋಡಿಸಿಡಿ, ಮಳೆ ಹಿಡಿದ ಮೇಲೆ ನೆಡಿ. ಅರಣ್ಯ ಇಲಾಖೆ ನರ್ಸರಿಯಲ್ಲಿ ಸಸಿ ಕಡಿಮೆ ದರಕ್ಕೆ ಸಿಗುತ್ತವೆ, ಮೊದಲೇ ಹೋಗಿ ಹೇಳಿಡಿ. ಕ್ರಿಕೆಟ್ ಹುಡುಗರನ್ನೂ ಮೀಟಿಂಗಿಗೆ ಕರೀರಿ, ಸಸಿಗೆ ಎರಡು ಬೇಸಿಗೆ ನೀರು ಹಾಕುವವರು ಅವರೇ.