ಅಪ್‌ಡೇಟ್: ಎಷ್ಟು ಜನರನ್ನು ನೋಡಿ ಹೂಂ ಅನ್ನಬೇಕು?

ಮುಂಬೈಯಲ್ಲಿ ಸಂಗಾತಿ ಹುಡುಕುವಾಗ ಎಷ್ಟು ಜನರನ್ನು ಭೇಟಿಯಾದರೆ ಸಾಕು ಅಂತ ಕೇಳಿದ್ದೆ. ಉತ್ತರಿಸಿದ ಅಕ್ಕ, ಅಣ್ಣಂದಿರಿಗೆ ಧನ್ಯವಾದ.

ನೀವು ಹೇಳಿದ 37% ಲೆಕ್ಕ (ಮೊದಲ ಸುಮಾರು 37% ಜನರನ್ನು ಬರೀ ನೋಡಿ, ಯಾರಿಗೂ ಹೂಂ ಅನ್ನದೆ ಬಿಡುವುದು) 10 ಜನರಿಗೆ ಹೀಗೆ: ಮೊದಲ 3 ಜನ ಬರೀ ಅಳತೆಗೋಲು. ನಂತರ ಆ ಮೂವರಿಗಿಂತ ಚೆನ್ನಾಗಿ ಹೊಂದುವವರು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಬೇಕು. ಆದರೂ ಹತ್ತರಲ್ಲಿ ಅತ್ಯುತ್ತಮರು ಸಿಗುವ ಸಾಧ್ಯತೆ ಸುಮಾರು 40% ಮಾತ್ರ. ಅವರು ಮೊದಲ ಮೂವರಲ್ಲೇ ಇದ್ದರೆ ಕೈತಪ್ಪಿದಂತೆ. ನಿಜ ಜೀವನದಲ್ಲಿ ವಾಪಸ್ ಫೋನ್ ಮಾಡಬಹುದು, ಅದೇ ಸಮಾಧಾನ.

ಮಾಟುಂಗಾದಲ್ಲಿ ಫಿಲ್ಟರ್ ಕಾಫಿ ಕುಡಿಯುವಾಗ ಎಲ್ಲರೂ ಒಳ್ಳೆಯವರೇ. ಸಂಜೆ ಏಳರ ಕಿಕ್ಕಿರಿದ ವಿರಾರ್ ಲೋಕಲ್ ರೈಲಿನಲ್ಲಿ ನಿಂತು ಬಂದು, ಬೆವರು ಒರೆಸಿಕೊಳ್ಳುತ್ತಾ ಹೇಗೆ ಮಾತಾಡುತ್ತಾರೆ ನೋಡಿ. ಸಾಲ, ಬಾಡಿಗೆ, ಅಪ್ಪ-ಅಮ್ಮನ ಜವಾಬ್ದಾರಿ ಮೂರನೇ ಭೇಟಿಯೊಳಗೆ ಕೇಳಿಬಿಡಿ. ಇನ್ನೊಬ್ಬರ ಜೊತೆಗೂ ಮಾತುಕತೆ ನಡೆದಿದ್ದರೆ ದಯವಿಟ್ಟು ಮುಚ್ಚಿಡಬೇಡಿ.